ಕೆಂಚನ ಬಾಯಲ್ಲಿ ಕೆಂಪು ದಾರ

ಮನೆಗೊಂದೇ ಮೊಬೈಲು ಇದ್ದ ಕಾಲ ಅದು. ಬೇಸಿಗೆ ರಜೆಯ ಮಧ್ಯಾಹ್ನವೆಂದರೆ ಹಗರೆಯ ನಮ್ಮ ಬೀದಿಯ ಮಕ್ಕಳಿಗೆಲ್ಲ ಉಪ್ಪುಖಾರ ಹಚ್ಚಿದ ಮಾವಿನಕಾಯಿ, ಕುಂಟೆಬಿಲ್ಲೆ. ನಮ್ಮ ಮನೆಯಲ್ಲಿ ಅದರ ಜೊತೆಗೆ ಹೊಸ ಬಟ್ಟೆಯ, ಮಿಷನ್ ಎಣ್ಣೆಯ ವಾಸನೆಯೂ ಇರುತ್ತಿತ್ತು. ಅಮ್ಮ ಮದುವೆ ಮನೆಗಳ ರವಿಕೆ ಹೊಲಿಯುತ್ತಿದ್ದಳು. ಅವಳ ಸೂಜಿಡಬ್ಬಿ ಮುಟ್ಟಕೂಡದೆಂಬುದು ನನಗಿದ್ದ ಕಟ್ಟಪ್ಪಣೆ.

ಆಗ ನನಗೆ ಒಂಬತ್ತು ವರ್ಷ. ಒಂದು ದಿನ ಕದ್ದು ಸೂಜಿ ತೆಗೆದು, ಕೆಂಪು ದಾರ ಪೋಣಿಸಿ, ಗೊಂಬೆಗೆ ಲಂಗ ಹೊಲಿಯಲು ಜಗಲಿಯ ಮೇಲೆ ಕೂತೆ. ನಿಪ್ಪಟ್ಟು ತಿಂದ ಕೈಯ ಎಣ್ಣೆ ದಾರಕ್ಕೂ ಹತ್ತಿತ್ತು. ಗೆಳತಿಯರು ಕರೆದರೆಂದು ಸೂಜಿಯನ್ನು ಬಟ್ಟೆಗೇ ಚುಚ್ಚಿಟ್ಟು ಓಡಿದೆ. ವಾಪಸು ಬಂದಾಗ ನಮ್ಮ ನಾಯಿ ಕೆಂಚ ಜೊಲ್ಲು ಸುರಿಸುತ್ತ, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತಿತ್ತು. ಬಾಯಿಯ ಅಂಚಿನಿಂದ ನಾಲ್ಕು ಬೆರಳುದ್ದ ಕೆಂಪು ದಾರ ಇಳಿಬಿದ್ದಿತ್ತು. ಬಟ್ಟೆ ಅಲ್ಲೇ ಇತ್ತು. ಸೂಜಿ ಇರಲಿಲ್ಲ.

ಅಮ್ಮ ಕೇಳಿದಾಗ, ಮಿಷನ್ ಕೆಳಗೆ ಬಿದ್ದಿದ್ದ ದಾರ ತಿಂದಿದೆ ಎಂದುಬಿಟ್ಟೆ. ಕಸ ಗುಡಿಸದೆ ಬಿಟ್ಟಿದ್ದಕ್ಕೆ ಅವಳು ತನ್ನನ್ನೇ ಬೈದುಕೊಂಡಳು. ಅಜ್ಜಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸು ಎಂದಳು. ಅಮ್ಮ ದಾರ ಹಿಡಿದು ಎಳೆಯಲು ಹೋದಳು. ಕೆಂಚ ಕಿರುಚಿದ್ದಕ್ಕೆ ಹೆದರಿ ಬಿಟ್ಟಳು. ಕೊನೆಗೆ ನಮ್ಮ ಹಸು ನೋಡಲು ಬರುತ್ತಿದ್ದ ಡಾಕ್ಟರಿಗೆ ಫೋನು ಮಾಡಿದಳು. ದಾರ ಎಳೆಯಬೇಡಿ, ಒಳಗೆ ಕುಯ್ದುಬಿಡುತ್ತದೆ. ವಾಂತಿ ಮಾಡಿಸಬೇಡಿ, ಏನೂ ತಿನ್ನಿಸಬೇಡಿ. ಬಾಯಿ ಕೆರೆದುಕೊಳ್ಳದ ಹಾಗೆ ಹಿಡಿದುಕೊಂಡು ಬೇಲೂರಿಗೆ ಕರೆತನ್ನಿ ಎಂದರಂತೆ.

ಆಟೋದಲ್ಲಿ ಅಮ್ಮ ಕೆಂಚನ ತಲೆ ಹಿಡಿದುಕೊಂಡಳು, ನಾನು ಎರಡೂ ಮುಂಗಾಲು. ಅದು ಕೊಸರಾಡಿದಷ್ಟೂ ಬಿಗಿ ಹಿಡಿದೆ. ಅದು ನನ್ನ ಮುಖವನ್ನೇ ನೋಡುತ್ತಿತ್ತು. ಒಂದು ಕಡೆ ಅಮ್ಮನ ಮೊಣಕಾಲು, ಇನ್ನೊಂದು ಕಡೆ ಆಟೋದ ಕಂಬಿ; ಅಲ್ಲಾಡಲು ಜಾಗವಿರಲಿಲ್ಲ. ಹೇಳಿಬಿಡೋಣ ಎಂದು ಎಷ್ಟು ಸಲ ಬಾಯಿ ತೆರೆದೆನೋ. ಅಷ್ಟರಲ್ಲಿ ಅಮ್ಮ, "ಎಲ್ಲಾ ನನ್ನಿಂದ್ಲೇ ಆಯ್ತು" ಎನ್ನುತ್ತಿದ್ದಳು. ಅವಳು ಹಾಗೆಂದಷ್ಟೂ ನನಗೆ ನಿಜ ಹೇಳುವ ದಾರಿ ಮುಚ್ಚಿಹೋಗುತ್ತಿತ್ತು.

ಡಾಕ್ಟರು ಟಾರ್ಚು ಬಿಟ್ಟು ನೋಡಿ, ದಾರದ ಜೊತೆ ಸೂಜಿ ಏನಾದರೂ ಇತ್ತೇ ಎಂದು ಕೇಳಿದರು.

"ಇಲ್ಲ ಸಾರ್, ಬರೀ ದಾರ" ಎಂದಳು ಅಮ್ಮ, ನನ್ನ ಮಾತು ನಂಬಿ.

ನಾನು ಕೆಂಚನ ಮುಂಗಾಲು ಬಿಡದೆಯೇ ಹೇಳಿದೆ: "ಸೂಜಿ ಇತ್ತು ಸಾರ್. ನಾನೇ ತಗೊಂಡಿದ್ದೆ."

ಅಮ್ಮ ನನ್ನ ಕಡೆ ತಿರುಗಲಿಲ್ಲ. ಡಾಕ್ಟರು ಮಾತ್ರ, ಈಗಲಾದರೂ ಹೇಳಿದ್ದು ಒಳ್ಳೆಯದಾಯಿತು ಎಂದು, ಕೆಂಚನಿಗೆ ಮಂಪರು ಬರುವ ಇಂಜೆಕ್ಷನ್ ಕೊಟ್ಟರು. ಸೂಜಿ ನಾಲಿಗೆಯ ಬುಡದಲ್ಲಿ ನೆಟ್ಟುಕೊಂಡಿತ್ತು. ಹೊಟ್ಟೆಗೆ ಇಳಿದಿದ್ದರೆ ಕುಯ್ಯಬೇಕಾಗುತ್ತಿತ್ತು, ಆಗಲೂ ಉಳಿಯುವ ಖಾತ್ರಿ ಇರುತ್ತಿರಲಿಲ್ಲ ಎಂದರು. ಚಿಕ್ಕ ಇಕ್ಕಳದಿಂದ ಅದನ್ನು ಹೊರತೆಗೆದು ತಟ್ಟೆಗೆ ಹಾಕಿದಾಗ ಟಿಣ್ ಎಂದ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಅಮ್ಮ ಹೊಡೆಯುತ್ತಾಳೆಂದುಕೊಂಡಿದ್ದೆ. ಹೊಡೆಯಲಿಲ್ಲ. ಊರು ಹತ್ತಿರವಾದಾಗ ಒಂದೇ ಮಾತು ಹೇಳಿದಳು: "ಅಷ್ಟು ದೂರ ನನ್ ಪಕ್ಕದಲ್ಲೇ ಕೂತಿದ್ದಲ್ಲೇ. ಒಂದ್ ಮಾತು ಹೇಳ್ಬೋದಿತ್ತು."

ಕೆಂಚ ಆಮೇಲೆ ಆರು ವರ್ಷ ಬದುಕಿತು. ನನ್ನನ್ನು ಕಂಡರೆ ಬಾಲ ಆಡಿಸುತ್ತಿತ್ತು. ಆದರೆ ಮುಂಗಾಲು ಹಿಡಿಯಲು ಕೈ ಚಾಚಿದರೆ ಹಿಂದಕ್ಕೆ ಸರಿಯುತ್ತಿತ್ತು. ಅಮ್ಮನೂ ನನ್ನನ್ನು ಮೊದಲಿನಷ್ಟೇ ಮುದ್ದು ಮಾಡಿದಳು. ಆದರೆ ಹೊಟ್ಟೆನೋವು ಎಂದರೂ, ಸ್ಕೂಲಿಗೆ ರಜೆ ಎಂದರೂ, ನಂಬುವ ಮೊದಲು ಒಂದು ಗಳಿಗೆ ನನ್ನ ಮುಖ ನೋಡುತ್ತಿದ್ದಳು. ಈಗ ನನಗೂ ಮಗಳಿದ್ದಾಳೆ, ಅಮ್ಮನಿಗೆ ವಯಸ್ಸಾಗಿದೆ. ಫೋನಿನಲ್ಲಿ ನಾನು ಅಮ್ಮನಿಗೆ ಚೆನ್ನಾಗಿದ್ದೀನಿ ಕಣಮ್ಮ ಎಂದಾಗ ಆ ಕಡೆಯಿಂದ ಉತ್ತರ ಬರುವುದು ಇವತ್ತಿಗೂ ಒಂದು ಗಳಿಗೆ ತಡ.