ಗೋಣಿತಾಟು ದಾಟಿದ ಸಾಹೇಬರು

ಆಗೆಲ್ಲ ನಮ್ಮೂರಿಗೆ ಯಾರು ಬಂದರೂ ಅವರಿಗೊಂದು ಹೆಸರಿರುತ್ತಿತ್ತು, ಸರ್ಕಾರದವರನ್ನು ಬಿಟ್ಟು. ಜಮೀನು ಅಳೆಯುವವರು, ದನಕ್ಕೆ ಸೂಜಿ ಹಾಕುವವರು, ರೇಷ್ಮೆ ಹುಳು ನೋಡಿಹೋಗುವವರು ಎಲ್ಲರೂ ಸಾಹೇಬ್ರೇ. ಮೇಷ್ಟ್ರು ತಿನ್ನುತ್ತಿದ್ದದ್ದು ಸರ್ಕಾರದ ಸಂಬಳವೇ ಆದರೂ ಅವರು ಬರೀ ಮೇಷ್ಟ್ರು; ಬಸ್ಸಿನ ಕಂಡಕ್ಟರಿಗೆ ಅಷ್ಟೂ ಮರ್ಯಾದೆಯಿಲ್ಲ. ಸಾಹೇಬ್ರೆ ಅನ್ನುವ ಮಾತನ್ನು ಕೂತುಕೊಂಡು ಯಾರೂ ಆಡುತ್ತಿರಲಿಲ್ಲ. ಅಪ್ಪ ಎದ್ದು ನಿಂತು, ಹೆಗಲ ಮೇಲಿನ ಟವಲನ್ನು ಕೈಗೆ ತೆಗೆದುಕೊಂಡು, ಆಮೇಲೆ "ಸಾಹೇಬ್ರೆ" ಅನ್ನುತ್ತಿದ್ದ.

"ಸಾಹೇಬ್ರು ಅಂದ್ರೆ ಯಾರಪ್ಪ?" ಅಂತ ಒಮ್ಮೆ ಕೇಳಿದ್ದೆ.

"ಸರ್ಕಾರ ಕಣವ್ವ. ಸರ್ಕಾರವೇ ನಡ್ಕಂಡು ನಮ್ಮನೆಗಂಟ ಬಂದ್ರೆ ಸಾಹೇಬ್ರು ಅಂತೀವಿ."

ವಿರೂಪಾಕ್ಷಿಪುರದ ಪಕ್ಕದ ನಮ್ಮೂರಲ್ಲಿ ಹೆಚ್ಚುಕಡಿಮೆ ಎಲ್ಲರೂ ಹುಳು ಮೇಯಿಸುವವರೇ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷದ ಚಳಿಗಾಲ ಅದು. ಅಂಗಳದಲ್ಲಿ ಸೊಗಡಿನ ಅವರೆಕಾಯಿ ಸಿಪ್ಪೆಯ ರಾಶಿ, ಹುಳಿನ ಮನೆಯೊಳಗೆ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಹುಳು ನಾಲ್ಕನೇ ಜ್ವರ ಎದ್ದಿದ್ದವು. ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಲೇ ಹೆಸರು. ಆಮೇಲೆ ಅವು ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ತುಂತುರು ಬಿದ್ದ ಹಾಗಿರುತ್ತದೆ. ಆ ಹೊತ್ತಿನಲ್ಲಿ ರೋಗ ತಗುಲಿದರೆ ಬೆಳೆ ಮುಗಿದ ಹಾಗೇ. ಅದಕ್ಕೇ ಬಾಗಿಲಲ್ಲಿ ಬ್ಲೀಚಿಂಗ್ ಪೌಡರಿನ ನೀರಲ್ಲಿ ನೆನೆಸಿದ ಗೋಣಿತಾಟು. ಚಪ್ಪಲಿ ಹೊರಗೆ ಬಿಟ್ಟು, ಅದನ್ನು ತುಳಿದೇ ಒಳಗೆ ಹೋಗಬೇಕು.

ಆ ಸಲ ಬಾಗಿಲು ಕಾಯುವ ಕೆಲಸ ನನ್ನದಾಯಿತು.

"ಯಾರೇ ಬರ್ಲಿ, ನಿಮ್ಮಜ್ಜಿನೇ ಬರ್ಲಿ, ಕಾಲ್ ಅದ್ದದೆ ಒಳಕ್ ಬುಡಬ್ಯಾಡ. ನಿನ್ನೇ ನಂಬ್ಕಂಡಿವ್ನಿ" ಅಂದ ಅಪ್ಪ. ಬೆಳೆ ಕೈಗೆ ಬಂದರೆ ಗೂಡು ಮಾರಲು ರಾಮನಗರಕ್ಕೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುವುದು ಅಂತ ಮಾತಾಯಿತು. ಕುಂಟೆಬಿಲ್ಲೆ ಬಿಟ್ಟು ಹೊಸ್ತಿಲಲ್ಲೇ ಕೂತೆ. ಅಜ್ಜಿಯನ್ನು ಎರಡು ಸಲ ವಾಪಸ್ಸು ಕಳಿಸಿದೆ. "ನಿನ್ ಮಗ್ಳು ಪೊಲೀಸ್ನೋಳು ಕಣ್ಲಾ" ಅಂತ ಅಜ್ಜಿ ಗೊಣಗಿದರೆ ಅಪ್ಪ ನಕ್ಕು ನನ್ನ ತಲೆ ಸವರಿದ. ಅಷ್ಟು ಹೆಮ್ಮೆ ನನಗೆ ಆಮೇಲೆ ಯಾವ ಕೆಲಸದಲ್ಲೂ ಆಗಿಲ್ಲ.

ಒಂದು ಬೆಳಗ್ಗೆ ಹುಳು ನೋಡುವ ಸಾಹೇಬರು ಮೋಟಾರ್ ಸೈಕಲ್ಲಿನಲ್ಲಿ ಬಂದರು. ಪಕ್ಕದೂರಿನಲ್ಲಿ ಸುಣ್ಣಕಟ್ಟು ರೋಗ ಬಿದ್ದ ಮನೆ ನೋಡಿಕೊಂಡು ನೇರ ಇಲ್ಲಿಗೇ ಬಂದೆ ಅಂತ ಅವರೇ ಹೇಳಿದರು. ಬೂಟಿಗೆ ಅಲ್ಲಿಯ ಮಣ್ಣು ಇನ್ನೂ ಅಂಟಿಕೊಂಡಿತ್ತು. ಗೋಣಿತಾಟನ್ನು ಒಂದೇ ಹೆಜ್ಜೆಗೆ ದಾಟಲು ಹೊರಟವರಿಗೆ ನಾನು ಎರಡೂ ಕೈ ಅಡ್ಡ ಹಿಡಿದೆ.

"ಬೂಟ್ ಬಿಚ್ಚಿ ಸಾಹೇಬ್ರೆ. ಕಾಲ್ ಅದ್ದಿ ಹೋಗ್ಬೇಕು."

ಅವರು ಅಪ್ಪನ ಮುಖ ನೋಡಿದರು. ಅಪ್ಪ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ.

"ಏ, ಸುಮ್ಕಿರು, ಸಾಹೇಬ್ರು ಕಣೇ ಅವ್ರು. ನೀವ್ ಬನ್ನಿ ಸಾಹೇಬ್ರೆ, ಮಗೀಗೇನ್ ತಿಳಿತದೆ."

ಬೂಟು ಒಳಗೆ ಹೋಯಿತು. ಹಿಂದೆಯೇ ಅಪ್ಪ ಹೋದ, ಗೋಣಿತಾಟಿನ ಮೇಲೆ ಎರಡೂ ಕಾಲು ಚೆನ್ನಾಗಿ ಅದ್ದಿಕೊಂಡು.

ಐದಾರು ದಿನಕ್ಕೆ ಹುಳು ಸೊಪ್ಪು ಮುಟ್ಟುವುದನ್ನು ಬಿಟ್ಟವು. ಆಮೇಲೆ ಸೀಮೆಸುಣ್ಣದ ಚೂರುಗಳ ಹಾಗೆ ಬೆಳ್ಳಗೆ ಸೆಟೆದುಕೊಂಡವು. ಅವ್ವ ಮೊರದಲ್ಲಿ ತುಂಬಿ ತುಂಬಿ ತಂದು ಗುಂಡಿಗೆ ಸುರಿದಳು. ನೀನು ಹೇಳಿದ್ದೇ ಸರಿ ಅನ್ನುತ್ತಾನೆ ಅಂತ ನಾನು ಅಪ್ಪನ ಹಿಂದೆ ಹಿಂದೆಯೇ ಸುತ್ತುತ್ತಿದ್ದೆ. ಅವನು ಗುಂಡಿಗೆ ಮಣ್ಣು ಎಳೆಯುತ್ತಲೇ ಇದ್ದ.

ಸಾಹೇಬರು ಮತ್ತೆ ಬಂದರು. ಪುಸ್ತಕ ತೆರೆದು, "ರೋಗ ಹೇಗೆ ಬಂತು? ಬಾಗಿಲಲ್ಲಿ ಸರಿಯಾಗಿ ನೋಡ್ಕೊಂಡಿಲ್ವಾ?" ಅಂತ ಕೇಳಿದರು. ಅಪ್ಪ ಟವಲನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಒಂದು ಗಳಿಗೆ ನನ್ನ ಕಡೆ ನೋಡಿದ.

"ಈ ಮಗಾನೇ ಸಾಹೇಬ್ರೆ. ಆಟ ಆಡ್ಕಂಡು ಒಳಕ್ಕೂ ಹೊರಕ್ಕೂ ಓಡಾಡ್ಬುಡ್ತು."

"ಮಕ್ಕಳನ್ನ ಬಿಡಬಾರದು ಕಣ್ರಿ" ಅನ್ನುತ್ತಾ ಸಾಹೇಬರು ಬರೆದುಕೊಂಡರು. ನಾನು ಬಾಯಿ ತೆರೆದೆ. ಹಿಂದಿನಿಂದ ಅವ್ವ ಭುಜ ಅದುಮಿದಳು. ಅವತ್ತು ಮನೆಯಲ್ಲಿ ಹಿತಕಿದ ಬೇಳೆ ಸಾರು. ತಟ್ಟೆ ಮುಂದೆ ಕೂತು ಅತ್ತುಬಿಟ್ಟೆ. ರಾಮನಗರ ತಪ್ಪಿಹೋಯಿತು ಅಂತ ಅಳುತ್ತಾಳೆ ಅಂದುಕೊಂಡರು ಎಲ್ಲರೂ. ನಿನ್ನನ್ನೇ ನಂಬಿದ್ದೇನೆ ಅಂದವನೇ ಮೋಸ ಮಾಡಿದ್ದ.

ಈಗ ಊರಲ್ಲಿ "ಸಾಹೇಬ್ರೆ" ಅನ್ನುವವರು ಕಡಿಮೆ. ಹುಡುಗರು "ಸಾರ್" ಅಂತ ಕೂತೇ ಮಾತಾಡುತ್ತಾರೆ, ಮಾತು ಜಾಸ್ತಿಯಾದರೆ ಮೊಬೈಲ್ ತೆಗೆದು ವಿಡಿಯೋ ಮಾಡುತ್ತಾರೆ. ನಮ್ಮ ಹುಳಿನ ಮನೆಯಲ್ಲಿ ಬೈಕು ನಿಲ್ಲುತ್ತದೆ. ಹುಳು ಮೇಯುವ ಆ ತುಂತುರಿನ ಸದ್ದನ್ನು ನನ್ನ ಮಗಳು ಕೇಳೇ ಇಲ್ಲ. ಹೋದ ತಿಂಗಳು ಊರಿಗೆ ಹೋಗಿದ್ದಾಗ ಅಪ್ಪ ಅವರೆಕಾಯಿ ಬಿಡಿಸುತ್ತಾ ಅವಳಿಗೆ ಹಳೆಯ ಕಥೆ ಹೇಳುತ್ತಿದ್ದ.

"ನಿಮ್ಮವ್ವ ನಿನ್ನಷ್ಟೇ ಇದ್ಲು. ಹುಳಿನ ಮನೆ ಒಳಕ್ಕೆಲ್ಲ ಓಡಾಡಿ ಒಂದ್ ಬೆಳೆನೇ ಕಳೆದ್ಬುಟ್ಲು ಕಣವ್ವ."

ಅಕ್ಕರೆಯಿಂದಲೇ ಹೇಳಿದ, ಯಾವತ್ತೋ ಕ್ಷಮಿಸಿಬಿಟ್ಟವನ ಹಾಗೆ. ಮುಖದಲ್ಲಿ ಸುಳ್ಳಿನ ಗುರುತೇ ಇರಲಿಲ್ಲ. ಇಷ್ಟು ವರ್ಷ ಹೇಳಿ ಹೇಳಿ ಅವನೇ ಅದನ್ನು ನಂಬಿಬಿಟ್ಟಿದ್ದ.

"ಹೌದಾ ಅಮ್ಮ?" ಅಂತ ಮಗಳು ನನ್ನ ಕಡೆ ತಿರುಗಿದಳು. ಅಪ್ಪನ ಕಥೆಯಲ್ಲಿ ಸಾಹೇಬರು ಇರಲಿಲ್ಲ. ಬಾಗಿಲಲ್ಲಿ ಎರಡೂ ಕೈ ಅಡ್ಡ ಹಿಡಿದು ನಿಂತ ನಾನೂ ಇರಲಿಲ್ಲ.