ಅಂಗೈಯಷ್ಟು ನೀಲಿ ಬಣ್ಣ

ನಮ್ಮ ಕಡೆ ಮೊಬೈಲು ಇನ್ನೂ ಕಾಲಿಡದ ಕಾಲವದು. ಶಹಾಬಾದಿನಿಂದ ಮಳಖೇಡದವರೆಗೆ ಕಲ್ಲಿನ ಗಣಿ ಎಲ್ಲಿ ತೆರೆದರೆ ಅಲ್ಲಿ ನಮ್ಮ ಮನೆ. ಮನೆಯೆಂದರೆ ಹಳೆಯ ಬಸ್ಸು. ಸೀಟು ಕಿತ್ತು ಮಂಚ, ಸ್ಟೋವು, ಜೋಳದ ಡಬ್ಬಿ ಇಟ್ಟುಕೊಂಡಿದ್ದೆವು. ಅಪ್ಪ ಗುತ್ತೇದಾರನ ಹತ್ತಿರ ಮೇಸ್ತ್ರಿ. ಪುಂಡಿಪಲ್ಯ ರೊಟ್ಟಿ ತಿಂದರೂ ಕಲ್ಲಿನ ಪುಡಿ ಹಲ್ಲಿಗೆ ಕರಕರ ಸಿಗುತ್ತಿತ್ತು.

ಬಸ್ಸಿನೊಳಗೆ ವೈರ್‌ಲೆಸ್, ಮೇಲೆ ಆಳುದ್ದದ ಏರಿಯಲ್. ಬಸ್ಸು ರಸ್ತೆಯ ತಿರುವಿನಲ್ಲಿ ನಿಂತಿರುತ್ತಿತ್ತು. ಗಣಿಯತ್ತ ಲಾರಿ ಹೊರಟರೆ ಇಲ್ಲಿಂದ ‘ತಡೀರಿ’ ಎನ್ನಬೇಕು. ಆ ಮಾತು ಬರದಿದ್ದರೆ ಗಣಿಯವರು ಹೊತ್ತಿಗೆ ಸರಿಯಾಗಿ ಬಂಡೆ ಸಿಡಿಸುವ ಮದ್ದು ಹಾರಿಸುತ್ತಿದ್ದರು.

ಅದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ರಸೂಲ್ ಚಾಚಾ. ವಾರಕ್ಕೊಮ್ಮೆ ಏರಿಯಲ್ ಬಿಚ್ಚಿ, ಉಸುಕಿನ ಕಾಗದದಿಂದ ಬುಡ ತಿಕ್ಕುತ್ತಿದ್ದರು. ನಾನು ಏಣಿ ಹತ್ತಿ ಪಕ್ಕದಲ್ಲೇ ಕೂರುತ್ತಿದ್ದೆ.

“ನೋಡ್ ಬೇಟಿ, ಇಲ್ಲಿ ತಗಡು ಬರೀ ಮೈಲೆ ಇರಬೇಕ. ನಡುವ ಬಣ್ಣ ಬಂದ್ರ ಮಾತು ದೂರ ಹೋಗಂಗಿಲ್ಲ,” ಎನ್ನುತ್ತಿದ್ದರು. ನಾನು ಹೂಂ ಅಂದು ಅವರ ಜೇಬಿನ ಶೇಂಗಾಕ್ಕೆ ಕೈ ಹಾಕುತ್ತಿದ್ದೆ.

ಆ ವರ್ಷ ಆಯುಧಪೂಜೆಗೆ ಬಸ್ಸಿಗೆ ನೀಲಿ ಬಣ್ಣ ಬಳಿದರು. ಚಾಚಾ ಏರಿಯಲ್ ಇಳಿಸಿ, ಅಂಗೈಯಷ್ಟು ಜಾಗ ಕೆರೆದು ಬಿಟ್ಟು, ವಾಡಿ ಊರಿನ ತಮ್ಮ ಮನೆಗೆ ಹೋಗಿದ್ದರು. ಹೊಸ ಬಣ್ಣದ ನಡುವೆ ಆ ಬೋಳು ತಗಡು ನನ್ನ ಕಣ್ಣಿಗೆ ಹುಣ್ಣಿನಂತೆ ಕಂಡಿತು. ಪೂಜೆಯ ಬಸ್ಸಲ್ಲವೇ! ಉಳಿದ ಬಣ್ಣ ತಂದು ಬಳಿದುಬಿಟ್ಟೆ. ಸಂಜೆ ಅಪ್ಪ ನೋಡದೆಯೇ ಅದರ ಮೇಲೆ ಏರಿಯಲ್ ಬಿಗಿದು, ಹೂವು ಸುತ್ತಿದ.

ಮರುದಿನ ಚಾಚಾ ಬಂದು ವೈರ್‌ಲೆಸ್ ಮುಂದೆ ಕೂತಿದ್ದಷ್ಟೇ, ಲಾರಿಯೊಂದು ಗಣಿಯತ್ತ ತಿರುಗಿತು. “ತಡೀರಿ! ತಡೀರಿ!” ಎಂದು ಗಂಟಲು ಹರಿಯುವಂತೆ ಕೂಗಿದರು. ಆಚೆಯಿಂದ ಬರೀ ಗರಗರ. ಮದ್ದು ಹಾರಿತು. ಕಲ್ಲು ಬಿದ್ದು ಲಾರಿ ಚಾಲಕನ ಭುಜದ ಮೂಳೆ ಪುಡಿಯಾಯಿತು.

ನಾನು ಅಳುತ್ತ ಅಪ್ಪನ ಬಳಿ ಓಡಿದೆ. “ಅಪ್ಪಾ, ಅಲ್ಲಿ ಬಣ್ಣ ಹಚ್ಚಿದಾಕಿ ನಾನೇ.”

ಅಪ್ಪ ಸುತ್ತ ನೋಡಿದ. “ಯಾರ ಮುಂದೂ ಅನಬ್ಯಾಡ. ಸುಮ್ಕ ಒಳಗ ಕುಂದ್ರು,” ಎಂದು ಅವ್ವನ ಈಳಿಗೆ ತೆಗೆದುಕೊಂಡು ಮೇಲೆ ಹತ್ತಿದ. ಗುತ್ತೇದಾರ ಬರುವಷ್ಟರಲ್ಲಿ ಬಣ್ಣ ಕೆರೆದು, ಏರಿಯಲ್ ಮತ್ತೆ ಬಿಗಿದಿದ್ದ.

“ಇದನ್ನ ನೋಡ್ಕೊಳ್ಳೋರು ಯಾರು?” ಎಂದು ಗುತ್ತೇದಾರ ಕೇಳಿದ.

“ರಸೂಲ್ ನೋಡ್ಕೋತಾನ್ರಿ. ನನಗ ಅದ್ರಾಗಿಂದು ಏನೂ ತಿಳಿಯಂಗಿಲ್ರಿ,” ಎಂದ ಅಪ್ಪ.

ಚಾಚಾ ಮೇಲೆ ಹತ್ತಿ ಏರಿಯಲ್‌ನ ಬುಡ ಸವರಿ ನೋಡಿದರು. ಇಳಿದು ಬಂದಾಗ ಅವರ ಬೆರಳಿಗೆ ನೀಲಿ ಪುಡಿ ಹತ್ತಿತ್ತು. ಅಪ್ಪನನ್ನು ನೋಡಿದರು. ಆಮೇಲೆ ನನ್ನ ಕೈ ನೋಡಿದರು. ಉಗುರಿನ ಸಂದಿಯ ನೀಲಿ ಇನ್ನೂ ಹೋಗಿರಲಿಲ್ಲ.

“ಹೌದ್ರಿ ಸಾಹೇಬ್ರ, ನಂದೇ ತಪ್ಪು,” ಎಂದರು.

ಅವತ್ತೇ ಅವರನ್ನು ಕೆಲಸದಿಂದ ತೆಗೆದರು. ಹೋಗುವಾಗ ಜೇಬಿನ ಶೇಂಗಾ ಪೂರ್ತಿ ನನ್ನ ಲಂಗಕ್ಕೆ ಸುರಿದರು. ಅದನ್ನು ತಿನ್ನಲಿಲ್ಲ ಎಂದು ಬರೆಯಬೇಕೆನಿಸುತ್ತದೆ, ಆದರೆ ಸುಳ್ಳು. ತಿಂದೆ.

ಅಪ್ಪ ತೀರಿಕೊಂಡ ದಿನ ಬಂದವರೆಲ್ಲ ಭಾಳ ಸತ್ಯವಂತ ಎಂದು ಹೊಗಳಿದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಬಾಯಿ ಬಿಡಲಿಲ್ಲ. ಈಗ ಕಿಸೆಯಲ್ಲಿನ ಫೋನಿನಿಂದ ಮಾತು ಯಾವ ಮೂಲೆಗಾದರೂ ಮುಟ್ಟುತ್ತದೆ. ನಾನಿರುವ ಸೇಡಂನಿಂದ ವಾಡಿಯೇನು ದೂರವೇ? ಒಮ್ಮೆಯೂ ಚಾಚಾರನ್ನು ಹುಡುಕಿಕೊಂಡು ಹೋಗಲಿಲ್ಲ. ಆ ಹತ್ತು ವರ್ಷದ ಹುಡುಗಿ ಅಪ್ಪನ ಮುಂದಾದರೂ ನಿಜ ಹೇಳಿದ್ದಳು. ಅಷ್ಟು ಧೈರ್ಯ ಆಮೇಲೆ ನನಗೆ ಎಂದೂ ಬರಲಿಲ್ಲ.