ಟ್ರಿಗರ್ ಮುಟ್ಟದ ಬೆರಳು

ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಬಂದೂಕಕ್ಕ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಕುಳಿತು ಹಳೆಯ ನಳಿಗೆಯೊಂದರೊಳಗೆ ಎಣ್ಣೆಬಟ್ಟೆ ಎಳೆಯುತ್ತಿದ್ದಳು. ಬಂದೂಕು ರಿಪೇರಿ ಅವಳ ಕಸುಬು. ಹೆಸರೂ ಅದರಿಂದಲೇ ಬಂದದ್ದು. ತಂಗಿಯ ಮಗಳು ಏದುಸಿರು ಬಿಡುತ್ತ ಒಳಗೆ ನುಗ್ಗಿದಳು.

"ದೊಡ್ಡಮ್ಮ, ನನ್ನನ್ನ ಕ್ಲಬ್ಬಿಂದ ತೆಗೀತಾರಂತೆ. ನಾನು ಟ್ರಿಗರ್ ಮುಟ್ಟೇ ಇರ್ಲಿಲ್ಲ. ಗುಂಡು ಹಾಕಿ ಬೋಲ್ಟ್ ಮುಚ್ಚಿದೆ ಅಷ್ಟೆ, ಹಾರಿಬಿಡ್ತು!"

"ನಳಿಗೆ ಯಾವ ಕಡೆ ಇತ್ತು?"

"ಗುರಿ ಕಡೇನೇ. ಮರಳಿಗೆ ಹೋಯ್ತು."

"ಮತ್ತೆ ತೆಗೆಯೋದು ಯಾಕೆ?"

"ಬೆರಳು ಟ್ರಿಗರ್ ಬಳೆ ಒಳಗಿತ್ತು ಅಂತ ಮಾವ ಹೇಳಿದಾರೆ."

ಮಾವ ಎಂದರೆ ಬಂದೂಕಕ್ಕನ ಅಣ್ಣ, ಶೂಟಿಂಗ್ ಕ್ಲಬ್ಬಿನ ತರಬೇತುದಾರ. ಇಬ್ಬರೂ ಅಪ್ಪನ ಮೇಜಿನ ಬಳಿ ನಿಂತು ಕೆಲಸ ಕಲಿತವರು. ಅಣ್ಣನಿಗೆ ಗುರಿಯ ಹುಚ್ಚು, ಇವಳಿಗೆ ಸ್ಕ್ರೂಗಳ ಹುಚ್ಚು. ಹುಡುಗಿ ಹಿಡಿದಿದ್ದ ಕ್ಲಬ್ಬಿನ ರೈಫಲ್ಲಿನ ಟ್ರಿಗರಿಗೆ ಎರಡು ಸ್ಕ್ರೂ. ಎಷ್ಟು ಒತ್ತಬೇಕೆಂಬುದು ಒಂದರ ಕೈಲಿ. ಒಳಗಿನ ಉಕ್ಕಿನ ಅಂಚುಗಳು ಎಷ್ಟು ಆಳಕ್ಕೆ ಕಚ್ಚಿಕೊಳ್ಳಬೇಕೆಂಬುದು ಇನ್ನೊಂದರ ಕೈಲಿ. ಕಚ್ಚು ಕೂದಲೆಳೆಯಷ್ಟೇ ಆದರೆ ಬೋಲ್ಟ್ ಮುಚ್ಚಿದ ಅದುರುವಿಕೆಗೇ ಜಾರಿ ಗುಂಡು ಹಾರುತ್ತದೆ. ಆದ್ದರಿಂದ ಕೆಲಸ ಮುಗಿದ ಮೇಲೆ ಅವಳು ಎರಡೂ ತಲೆಗಳಿಗೆ ಉಗುರುಬಣ್ಣ ಹಚ್ಚುತ್ತಿದ್ದಳು. ಯಾರಾದರೂ ತಿರುಗಿಸಿದರೆ ಬಣ್ಣ ಬಿರಿಯುತ್ತದೆ. "ತಾನು ಸಿಂಗಾರ ಮಾಡ್ಕೊಳ್ಳಲ್ಲ, ರೈಫಲ್ಲಿಗೆ ಮಾಡ್ತಾಳೆ" ಎಂದು ಅಣ್ಣ ಆಡಿಕೊಳ್ಳುತ್ತಿದ್ದ.

ಹುಡುಗಿಯನ್ನು ತೆಗೆಯುವ ತೀರ್ಮಾನಕ್ಕೆ ಕ್ಲಬ್ಬಿನ ಕೋಣೆಯಲ್ಲಿ ಸದಸ್ಯರೆಲ್ಲ ಸೇರಿದ್ದರು. ಬಂದೂಕಕ್ಕ ಆ ರೈಫಲ್ಲಿನ ಬೋಲ್ಟ್ ತೆರೆದು, ಗುಂಡು ಕೂರುವ ಜಾಗ ಖಾಲಿಯೇ ಎಂದು ನೋಡಿ, ಕಿರುಬೆರಳಿಟ್ಟು ಮತ್ತೆ ಖಚಿತ ಮಾಡಿಕೊಂಡಳು. ಮರದ ಭಾಗ ಬಿಚ್ಚಿದಳು. ಕಚ್ಚಿನ ಸ್ಕ್ರೂವಿನ ಬಣ್ಣ ಒಡೆದಿತ್ತು.

"ಯಾರಣ್ಣ ತಿರುಗಿಸಿದ್ದು?"

ಅಣ್ಣ ಕಿಟಕಿಯತ್ತ ನೋಡಿದ. "ಪಂದ್ಯ ಹತ್ರ ಬಂತು, ಟ್ರಿಗರ್ ಸ್ವಲ್ಪ ಹಗುರ ಇರ್ಲಿ ಅಂತ... ನಾನೂ ಅಪ್ಪನ ಹತ್ರಾನೇ ಕಲಿತವನು ತಾನೆ?"

"ಕಲಿತು, ತಪ್ಪನ್ನ ಮಗು ತಲೆಗೆ ಕಟ್ಟಿದೆಯಲ್ಲ! ಬೆರಳು ಒಳಗಿತ್ತು ಅನ್ನೋಕೆ ನಾಲಿಗೆ ಹೇಗೆ ಹೊರಳ್ತು? ಅವಳು ನಳಿಗೆ ನೆಟ್ಟಗೆ ಹಿಡಿದಿದ್ಲು, ಅದಕ್ಕೇ ನೀನಿವತ್ತು ಯಾರ ಸಾವಿನ ಮನೆ ಮುಂದೇನೂ ಕೈಮುಗಿದು ನಿಂತಿಲ್ಲ. ಅವಳನ್ನೇ ಆಚೆ ಹಾಕ್ತೀಯಾ?"

"ಕೂಗಬೇಡ. ಎಲ್ಲೋ ಸಾವಿರಕ್ಕೊಂದು ಸಲ ಆಗತ್ತೆ."

"ಸಾವಿರಕ್ಕೊಂದಾ? ಎಣಿಸೋಣ ಬಾ."

ಮರದ ಭಾಗ ಮತ್ತೆ ಕೂಡಿಸಿ, ಖಾಲಿ ರೈಫಲ್ಲನ್ನು ಕಿಟಕಿಯಾಚೆಯ ಮರಳಿನ ದಿಬ್ಬದ ಕಡೆ ತಿರುಗಿಸಿದಳು. ಟ್ರಿಗರಿನ ಹತ್ತಿರ ಯಾರ ಬೆರಳೂ ಸುಳಿಯದಂತೆ ನೋಡಿಕೊಂಡು ಬೋಲ್ಟ್ ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು. ಒಳಗೆ ಕಚ್ಚು ಜಾರಿ ಟಕ್ ಎಂದಾಗಲೆಲ್ಲ ಹುಡುಗಿ ಬೆಚ್ಚುತ್ತಿದ್ದಳು. ಅಣ್ಣ ಮಾತ್ರ ನೆಲ ನೋಡುತ್ತಿದ್ದ.

ಹುಡುಗಿ ಈಗಲೂ ಅದೇ ಕ್ಲಬ್ಬಿನಲ್ಲಿ ಗುರಿ ಹೊಡೆಯುತ್ತಾಳೆ. ತರಬೇತುದಾರನ ಸ್ಥಾನದಿಂದ ಇಳಿದ ಅಣ್ಣ, ಅದೊಂದು ಸಲ ಆದ ಆಕಸ್ಮಿಕ ಎಂದೇ ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅವತ್ತು ಅವನ ತಂಗಿ ಕೋಣೆಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದ್ದು ಇಷ್ಟೇ: "ಹತ್ತು ಸಲಕ್ಕೆ ನಾಲ್ಕು."